ತಾಳೆ ನೋಡದ ಪ್ರತಿ

ಕಳೆದ ಶನಿವಾರ ಹೊಸ ಹಾರ್ಡ್ ಡಿಸ್ಕ್ ಕೊಳ್ಳಲು ಕರೋಲ್ ಬಾಗ್‌ಗೆ ಹೋಗಿದ್ದೆ. ನಾನು ವರ್ಷಕ್ಕೊಮ್ಮೆ ಡಿಸ್ಕ್ ಬದಲಾಯಿಸುತ್ತೇನೆ, ಹಳೆಯದು ಚೆನ್ನಾಗಿದ್ದರೂ ಸರಿ. ಅಂಗಡಿ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಕಂಬಿ ಒಂದೇ ಕಡೆ. ಮೊದಲ ತಿರುವಿನಲ್ಲಿ ಬೆಸುಗೆಯ ಹೊಗೆಯೂ ಸ್ಪಿರಿಟ್ಟೂ ಬೆರೆತ ವಾಸನೆ ಬಂತು. ಮೂರು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಇದೇ ಮೆಟ್ಟಿಲನ್ನು ಒಂದು ತಿಂಗಳಲ್ಲಿ ನಾಲ್ಕು ಸಲ ಹತ್ತಿದ್ದೆ. ಆ ಬೇಸಿಗೆಯ ವಿಷಯವನ್ನು ಕ್ರಮವಾಗಿ ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮನೆಗೆ ಬಂದು ಕೈಕಾಲು ತೊಳೆದು ಬರೆಯಲು ಕೂತೆ.

ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ಶಂಕರಪ್ಪನವರು ಅದೇ ಕಚೇರಿಯಲ್ಲಿ ಗುಮಾಸ್ತರು. ಇಬ್ಬರ ಕ್ವಾರ್ಟರ್ಸೂ ಸರೋಜಿನಿ ನಗರದಲ್ಲಿತ್ತು. ನಿವೃತ್ತಿಯ ನಂತರ ನೋಯ್ಡಾದ ಒಂದೇ ಸೊಸೈಟಿಯಲ್ಲಿ ಫ್ಲ್ಯಾಟ್ ಕೊಂಡೆವು. ನನ್ನದು ಬಿ ಬ್ಲಾಕ್, ಅವರದು ಡಿ ಬ್ಲಾಕ್. ಅವರ ಹೆಂಡತಿ ಲಲಿತಾ ನನ್ನನ್ನು ಅಕ್ಕ ಎನ್ನುತ್ತಾಳೆ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಟೈಪಾಗಿ ಬಂದ ಪ್ರತಿಯನ್ನು ತಾಳೆ ನೋಡದೆ ಯಾರೂ ಮುಂದಕ್ಕೆ ಕಳಿಸುವಂತಿರಲಿಲ್ಲ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿಯ ಮೇಲೆ ಪೆನ್ಸಿಲ್ ಓಡಿಸಬೇಕು. ಕೊನೆಯಲ್ಲಿ ‘ತಾಳೆ ನೋಡಿದೆ’ ಎಂದು ಬರೆದು ಇಬ್ಬರೂ ಚಿಕ್ಕ ಸಹಿ ಹಾಕಬೇಕು. ಓದುವವರ ಕೈಯಲ್ಲೂ ನೋಡುವವರ ಕೈಯಲ್ಲೂ ಒಂದೇ ಕಾಗದ ಇರಬಾರದು ಎಂಬುದು ಮೊದಲ ದಿನವೇ ಹೇಳಿಕೊಡುತ್ತಿದ್ದ ನಿಯಮ. ಹನ್ನೊಂದು ವರ್ಷ ಶಂಕರಪ್ಪನವರು ಓದಿದರು, ನಾನು ಪೆನ್ಸಿಲ್ ಹಿಡಿದೆ. ಕಾಮಾ, ಫುಲ್ ಸ್ಟಾಪ್, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಓದುತ್ತಿದ್ದರು. ಆ ಅಭ್ಯಾಸ ಮನೆಗೂ ಬಂದಿತ್ತು. ಲಲಿತಾಳೊಡನೆ ಮಾತಿಗೆ ಮಾತು ಬೆಳೆದಾಗ ‘ಫುಲ್ ಸ್ಟಾಪ್’ ಎಂದು ಎದ್ದುಹೋಗುತ್ತಿದ್ದರು. ‘ಹೊಸ ಪ್ಯಾರಾ’ ಎಂದು ಅವಳು ಹಿಂದೆಯೇ ಹೋಗುತ್ತಿದ್ದಳು.

ಆ ವರ್ಷ ಮಾರ್ಚಿನಲ್ಲಿ ಅವರ ಗಂಟಲಿನಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಜೀವಕ್ಕೆ ಭಯವಿಲ್ಲ, ಆದರೆ ಮಾತು ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆ ಮೇ ತಿಂಗಳ ಕೊನೆಗೆ ನಿಗದಿಯಾಯಿತು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳು ಒಂದು ಉಪಾಯ ಹೇಳಿದಳು. ದಿನಬಳಕೆಯ ವಾಕ್ಯಗಳನ್ನು ಈಗಲೇ ಅವರ ಧ್ವನಿಯಲ್ಲಿ ರೆಕಾರ್ಡ್ ಮಾಡಿಡಿ, ಆಮೇಲೆ ಟ್ಯಾಬ್ಲೆಟ್‌ನಲ್ಲಿ ವಾಕ್ಯಕ್ಕೊಂದು ಗುಂಡಿ ಮಾಡಿಕೊಟ್ಟರೆ ಒತ್ತಿ ಮಾತಾಡಬಹುದು. ‘ತಡ ಮಾಡಬೇಡಿ, ಆಪರೇಷನ್ ಆದ ಮೇಲೆ ಬೇಕೆಂದರೂ ಸಿಗಲ್ಲ’ ಎಂದಿದ್ದಳು. ಲ್ಯಾಪ್‌ಟಾಪ್ ಇದ್ದದ್ದು ನನ್ನ ಬಳಿ. ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಪಟ್ಟಿ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಶಂಕರಪ್ಪನವರು ಕ್ರಮಸಂಖ್ಯೆ ಹಾಕಿ ಬರೆಯತೊಡಗಿದರು. ಮೀಟರ್ ಹಾಕದ ಆಟೋದವನಿಗೆ ‘ಭಯ್ಯಾ, ಮೀಟರ್ ಸೇ ಚಲೋ.’ ಕೊತ್ತಂಬರಿ ಕೊಡಲು ಮರೆತ ತರಕಾರಿಯವನಿಗೆ ‘ಧನಿಯಾ ನಹೀ ದಿಯಾ.’ ಗುರುಗ್ರಾಮದ ಮೊಮ್ಮಗಳಿಗೆ ‘ಪುಟ್ಟಿ, ಕನ್ನಡದಲ್ಲಿ ಹೇಳು.’ ಹದಿನಾಲ್ಕನೆಯದು ‘ಕಾಫಿ ಇದೆಯಾ?’ ಹದಿನೈದನೆಯದು ‘ಇದು ಆರಿಹೋಗಿದೆ.’

ಲಲಿತಾ ಹುಣಸೆಹಣ್ಣಿನ ನಾರು ಬಿಡಿಸುತ್ತ ಪಕ್ಕದಲ್ಲೇ ಕೂತಿದ್ದಳು. “ಇನ್ನು ಮುಂದೆ ಇವರು ಏನೇನು ಮಾತಾಡಬೇಕು ಅಂತ ಈಗಲೇ ತೀರ್ಮಾನ ಆಗೋದಾದ್ರೆ, ಶಾರದಕ್ಕ, ನಂದೂ ಒಂದು ಸೇರಿಸಿ.”

“ಹೇಳು.”

“‘ನೀನು ಹೇಳಿದ್ದೇ ಸರಿ.’ ಮೂವತ್ತೆಂಟು ವರ್ಷದಲ್ಲಿ ಒಂದ್ಸಲಾನೂ ಕೇಳಿಲ್ಲ.”

“ಅದಕ್ಕೆ ಧ್ವನಿ ಬೇಕಿಲ್ಲ,” ಎಂದರು ಶಂಕರಪ್ಪ. “ತಲೆ ಅಲ್ಲಾಡಿಸ್ತೀನಿ. ಒಂದು ಗುಂಡಿ ಉಳಿಯುತ್ತೆ.”

ಪಟ್ಟಿ ನೂರ ಎಂಬತ್ತನಾಲ್ಕಕ್ಕೆ ನಿಂತಿತು. ಒಂದನೆಯ ಸಂಖ್ಯೆಯ ಎದುರು ಏನೂ ಬರೆಯದೆ ಬಿಟ್ಟಿದ್ದರು. ಕೊನೆಗೆ ಅಲ್ಲಿ ‘ಲಲಿತಾ’ ಎಂದಷ್ಟೇ ಬರೆದರು.

ಏಪ್ರಿಲ್ ಇಡೀ ರೆಕಾರ್ಡಿಂಗ್ ನಡೆಯಿತು. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಭಾನುವಾರ ರಜೆ. ಅವರ ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಕೂರುತ್ತಿದ್ದೆವು. ಹೊರಗೆ ಬಿಸಿಗಾಳಿ ಆಗಲೇ ಶುರುವಾಗಿತ್ತು. ಹತ್ತು ವಾಕ್ಯ ಮುಗಿಯುವಷ್ಟರಲ್ಲಿ ಇಬ್ಬರ ಬೆನ್ನೂ ಒದ್ದೆ. ಅವರ ಧ್ವನಿ ಆಗಲೇ ಸ್ವಲ್ಪ ಗೊರಗೊರ ಎನ್ನುತ್ತಿತ್ತು, ಆದರೂ ಅವರದೇ ಎಂದು ಗುರುತು ಸಿಗುತ್ತಿತ್ತು. ಪ್ರತಿ ವಾಕ್ಯಕ್ಕೆ ಮೊದಲು ‘ನಂಬರ್ ಇಪ್ಪತ್ತೆರಡು’ ಎಂದು ಓದಿಕೊಳ್ಳಲು ಹೊರಟರು. ನಾನು ಬೇಡವೆಂದೆ. ಗುಂಡಿ ಒತ್ತಿದರೆ ಕಾಫಿ ಕೇಳಬೇಕೇ ಹೊರತು ನಂಬರ್ ಕೇಳಬಾರದು.

ಒಂದನೆಯದನ್ನು ಅವರು ಕೊನೆಗೆ ಇಟ್ಟುಕೊಂಡರು. ಆ ದಿನ ಲಲಿತಾಳನ್ನು ಮದರ್ ಡೇರಿಗೆ ಮೊಸರು ತರಲು ಕಳಿಸಿದರು. ಮೂರು ಸಲ ಹೇಳಿ, ಮೂರನೆಯದನ್ನು ಇಟ್ಟುಕೊಳ್ಳಿ ಎಂದರು. ಚೆನ್ನಾಗಿ ಬಂದಿತ್ತು. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಕೆಟ್ಟವನ್ನು ನಾನು ಅಳಿಸಲಿಲ್ಲ. ಕೆಮ್ಮು ಬಂದದ್ದು, ತೊದಲಿದ್ದು, ಹೊರಗೆ ಹಾರ್ನ್ ಬಡಿದದ್ದು ಎಲ್ಲವನ್ನೂ ‘ರದ್ದು’ ಎಂಬ ಬೇರೆ ಫೋಲ್ಡರಿಗೆ ಹಾಕಿದೆ. ಪರಿಶೀಲನೆ ಆಗದೆ ಯಾವ ಕಾಗದವನ್ನೂ ನಾಶ ಮಾಡಬಾರದು ಎಂಬುದು ನಮ್ಮ ಕಚೇರಿಯ ಕ್ರಮ.

ಇನ್ನು ಇವನ್ನು ಭದ್ರವಾಗಿಡುವ ವಿಷಯ. ನನ್ನ ಮೇಲಿನ ಮಹಡಿಯಲ್ಲಿ ದಾವಣಗೆರೆಯ ನಸ್ರೀನ್ ಎಂಬ ಹುಡುಗಿ ಗೆಳತಿಯರೊಡನೆ ಬಾಡಿಗೆಗಿದ್ದಳು. ನೋಯ್ಡಾದಲ್ಲೇ ಸಾಫ್ಟ್‌ವೇರ್ ಕೆಲಸ. ಕಂಪ್ಯೂಟರಿನ ಸಂಶಯವಿದ್ದರೆ ನಾನು ಕೇಳುತ್ತಿದ್ದದ್ದು ಅವಳನ್ನೇ.

“ಕ್ಲೌಡ್‌ಗೆ ಹಾಕಿಬಿಡಿ ಆಂಟಿ. ಅದರಷ್ಟಕ್ಕೆ ಅದು ಕಾಪಿ ಆಗ್ತಿರುತ್ತೆ.”

“ಹಾಕಿದ್ದು ಎಲ್ಲಿರುತ್ತೆ?”

“ಎಲ್ಲೋ ಒಂದು ಕಡೆ.”

“ಎಲ್ಲೋ ಒಂದು ಕಡೆ ಇರೋ ಫೈಲನ್ನ ನಮ್ಮ ಆಫೀಸಲ್ಲಿ ಕಳೆದುಹೋಗಿದೆ ಅಂತಿದ್ವಿ.”

ಅವಳು ನಕ್ಕಳು. “ಅಚ್ಛಾ, ಹಾಗಾದ್ರೆ ಬರ್ಕೊಳ್ಳಿ. ಒಟ್ಟು ಮೂರು ಕಡೆ ಇರಲಿ. ಮೂರೂ ಒಂದೇ ಥರದ ಡಬ್ಬದಲ್ಲಿ ಬೇಡ. ಒಂದು ನಿಮ್ಮ ಮನೆ ಬಿಟ್ಟು ಹೊರಗಿರಲಿ. ಮತ್ತೆ, ಕಾಪಿ ಮಾಡಿದ್ದನ್ನ ಒಂದ್ಸಲ ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿ.”

ಮೊದಲ ಮೂರನ್ನು ಬರೆದುಕೊಂಡೆ. ನಾಲ್ಕನೆಯದನ್ನು ಬರೆದುಕೊಳ್ಳಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೇ ತೆರೆದು ನೋಡಿದರೆ ಸಾಕು, ಅದಕ್ಕಾಗಿ ಇನ್ನೊಬ್ಬರ ಮನೆಗೆ ಯಾಕೆ ಹೋಗಬೇಕು ಎನಿಸಿತು.

ಲ್ಯಾಪ್‌ಟಾಪಿನಲ್ಲಿ ಮೂಲ. ಒಂದು ಹಾರ್ಡ್ ಡಿಸ್ಕಿನಲ್ಲಿ ಎರಡನೆಯದು, ಅದು ನನ್ನ ಗೋದ್ರೇಜ್ ಬೀರುವಿನಲ್ಲಿ. ಒಂದು ಪೆನ್ ಡ್ರೈವಿನಲ್ಲಿ ಮೂರನೆಯದು, ಅದು ಲಲಿತಾಳ ದೇವರ ಗೂಡಿನಲ್ಲಿ, ಖಾಲಿಯಾದ ಕುಂಕುಮದ ಡಬ್ಬಿಯೊಳಗೆ. ಪ್ರತಿ ಶನಿವಾರ ಸಂಜೆ ಐದಕ್ಕೆ ಎರಡಕ್ಕೂ ಕಾಪಿ ಮಾಡುತ್ತಿದ್ದೆ. ಅದಕ್ಕೊಂದು ರಿಜಿಸ್ಟರ್ ಇಟ್ಟಿದ್ದೆ. ದಿನಾಂಕ, ಸಮಯ, ವಿವರ, ಸಹಿ. ಕಾಪಿ ಆದ ಮೇಲೆ ಡಿಸ್ಕ್ ತೆರೆದು, ಅಲ್ಲೊಂದು ಇಲ್ಲೊಂದು ವಾಕ್ಯ ಕೇಳಿ, ಆಮೇಲೆಯೇ ಸಹಿ ಹಾಕುತ್ತಿದ್ದೆ. ಆ ರಿಜಿಸ್ಟರಿನಲ್ಲಿ ಈಗಲೂ ಒಂದೂ ತಿದ್ದು ಕಾಣಿಸುವುದಿಲ್ಲ.

ಮೇ ಕೊನೆಯ ವಾರ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಆರಕ್ಕೆ ಎಂದಿನಂತೆ ಕೂಲರಿಗೆ ನೀರು ತುಂಬಿಸಲು ಪೈಪ್ ಹಾಕಿದೆ. ನನ್ನ ಕೂಲರ್ ಕಿಟಕಿಯಲ್ಲಿದೆ, ಕಿಟಕಿಯ ಕೆಳಗೆ ಮೇಜು. ಅಷ್ಟರಲ್ಲಿ ಆಸ್ಪತ್ರೆಯಿಂದ ಲಲಿತಾಳ ಫೋನ್. ಏಳೂವರೆಗೆ ಒಳಗೆ ಕರೆದುಕೊಂಡು ಹೋಗುತ್ತಾರಂತೆ, ಮೊದಲು ಒಂಬತ್ತಕ್ಕೆ ಎಂದಿದ್ದರು. ನಾನು ಸೀರೆ ಬದಲಾಯಿಸಿ, ಬೀಗ ಹಾಕಿ, ಆಟೋ ಹಿಡಿದೆ. ಪೈಪ್ ಹಾಗೆಯೇ ಇತ್ತು. ಅಂಥ ಮರೆವು ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ನಾನು ತಲುಪಿದಾಗ ಶಂಕರಪ್ಪನವರು ಗಾಡಿಯ ಮೇಲೆ ಮಲಗಿದ್ದರು. “ಮೇಡಂ, ಟ್ಯಾಬ್ಲೆಟ್ ರೆಡಿ ಇಡಿ,” ಎಂದರು. “ಎದ್ದ ತಕ್ಷಣ ಆ ಹದಿನಾಲ್ಕನೇದು, ಕಾಫಿದು, ಬೇಕಾಗುತ್ತೆ.” ನನಗೆ ಅವರು ಆಡಿದ ಕೊನೆಯ ಮಾತು ಅದು. ಟ್ಯಾಬ್ಲೆಟ್‌ಗೆ ಇನ್ನೂ ಹಾಕಿರಲಿಲ್ಲ. ಒಂದು ಕೆಲಸ ಮುಗಿದ ಮೇಲೆ ಮತ್ತೊಂದು ಎಂದು ಇಟ್ಟುಕೊಂಡಿದ್ದೆ.

ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದರೆ ಮೇಜಿನಿಂದ ನೀರು ನೆಲಕ್ಕೆ ಹರಿಯುತ್ತಿತ್ತು. ಲ್ಯಾಪ್‌ಟಾಪನ್ನು ಎತ್ತಿದಾಗ ಅದರೊಳಗಿನಿಂದಲೂ ಸುರಿಯಿತು. ಬಟ್ಟೆಯಿಂದ ಒರೆಸಿ, ಒಂದು ಸಲ ಗುಂಡಿ ಒತ್ತಿ ನೋಡಿದೆ. ಕಿರ್ ಎಂದಿತು, ನಿಂತಿತು. ನನಗೆ ಬೇಸರವಾಯಿತು, ಆತಂಕವಾಗಲಿಲ್ಲ. ಇಂಥ ದಿನಕ್ಕೆಂದೇ ಎರಡು ಪ್ರತಿ ಮಾಡಿಟ್ಟಿದ್ದೆನಲ್ಲ. ನೆಲ ಒರೆಸಿ, ಊಟ ಮಾಡಿ, ಸಂಜೆ ಡಿಸ್ಕ್ ತೆಗೆದುಕೊಂಡು ನಸ್ರೀನಳ ಮನೆಗೆ ಹೋದೆ.

ಅವಳು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಎರಡು ಮೂರು ಸಲ ಒತ್ತಿ ನೋಡಿದಳು.

“ಆಂಟಿ, ನೀವು ಕಾಪಿ ಮಾಡ್ತಿದ್ದದ್ದು ಯಾವುದನ್ನ?”

“ನೀನೇ ಪರದೆ ಮೇಲೆ ಇಟ್ಟುಕೊಟ್ಟಿದ್ದೆಯಲ್ಲ, ಧ್ವನಿ ಅಂತ. ಅದನ್ನ.”

“ಅದು ಫೋಲ್ಡರ್ ಅಲ್ಲ ಆಂಟಿ. ಫೋಲ್ಡರ್‌ಗೆ ದಾರಿ ತೋರಿಸೋ ಬೋರ್ಡು. ಮೂಲೆಯಲ್ಲಿ ಸಣ್ಣ ಬಾಣ ಇದೆ ನೋಡಿ.”

ಬಾಣ ಇತ್ತು. ನಾನು ಅದನ್ನು ಅಲಂಕಾರ ಎಂದುಕೊಂಡಿದ್ದೆ. ಪ್ರತಿ ಶನಿವಾರ ನಾನು ಬೋರ್ಡನ್ನು ಕಾಪಿ ಮಾಡಿ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿದಾಗ ಅದು ಲ್ಯಾಪ್‌ಟಾಪಿನೊಳಗಿನ ಮೂಲಕ್ಕೇ ಕರೆದೊಯ್ದು ತೆರೆಯುತ್ತಿತ್ತು. ನಾನು ಡಿಸ್ಕಿನ ಪ್ರತಿ ಕೇಳಿದೆನೆಂದು ಸಹಿ ಹಾಕುತ್ತಿದ್ದೆ. ಕುಂಕುಮದ ಡಬ್ಬಿಯಲ್ಲಿದ್ದದ್ದೂ ಅದೇ.

ನಸ್ರೀನ್ ನನ್ನನ್ನು ಏನೂ ಅನ್ನಲಿಲ್ಲ. “ಆ ಬೋರ್ಡು ಇಟ್ಟವಳು ನಾನೇ,” ಎಂದಳು. ಹೇಳಿದ ನಾಲ್ಕು ಮಾತಿನಲ್ಲಿ ಮೂರನ್ನಷ್ಟೇ ಬರೆದುಕೊಂಡವಳು ನಾನು ಎಂದೆ. ಮರುದಿನ ಅವಳು ರಜೆ ಹಾಕಿ, ನನ್ನನ್ನು ಮೆಟ್ರೋದಲ್ಲಿ ಕರೋಲ್ ಬಾಗ್‌ನ ಅದೇ ಅಂಗಡಿಗೆ ಕರೆದೊಯ್ದಳು. ಹಾಳಾದ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಕೆಲಸ ಅವರದು. ಅಂಗಡಿಯವರು ನನ್ನ ವಯಸ್ಸಿನವರೇ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡಿದ್ದರು.

“ಮಾತಾಜಿ, ಚಾವಲ್ ಮೇ ತೋ ನಹೀ ರಖಾ?” ಎಂದು ಮೊದಲು ಕೇಳಿದರು. ನೀರು ಹೀರಲಿ ಎಂದು ಅಕ್ಕಿ ಡಬ್ಬದಲ್ಲಿ ಹೂತಿಡುವವರು ಬಹಳವಂತೆ.

ಇಲ್ಲ, ಅಕ್ಕಿ ಊಟಕ್ಕೆ ಎಂದೆ.

“ಶಾಬಾಶ್. ಆನ್ ಕಿಯಾ?”

ಒಂದೇ ಸಲ ಎಂದೆ. ಅವರು ಭೂತಗನ್ನಡಿ ಮೇಲೆತ್ತಿ ನಸ್ರೀನಳ ಮುಖ ನೋಡಿದರು. ಆ ಒಂದು ಸಲದಲ್ಲೇ ಡಿಸ್ಕಿನ ಸರ್ಕ್ಯೂಟ್ ಹಲಗೆ ಸುಟ್ಟಿರುತ್ತದೆ. ಅದೇ ಮಾದರಿಯ ಇನ್ನೊಂದನ್ನು ಹುಡುಕಿ ಹಾಕಬೇಕು. ಬರಬಹುದು, ಬರದೆಯೂ ಇರಬಹುದು ಎಂದರು. ಅವರ ಹಿಂದಿ ನಿಧಾನವಾಗಿತ್ತು. ನಮ್ಮ ಡಾಕ್ಟರು ಮಾತಾಡಿದ್ದೂ ಇದೇ ಧಾಟಿಯಲ್ಲಿ.

ಆಸ್ಪತ್ರೆಯಲ್ಲಿ ಶಂಕರಪ್ಪನವರು ಮೂರನೆಯ ದಿನ ಎದ್ದು ಕೂತರು. ಕತ್ತಿನಲ್ಲಿ ಉಸಿರಾಟಕ್ಕೆ ತೂತು, ಕೈಯಲ್ಲಿ ಬರೆಯುವ ಪ್ಯಾಡ್. ನನ್ನನ್ನು ನೋಡಿದ ತಕ್ಷಣ ‘ಟ್ಯಾಬ್ಲೆಟ್?’ ಎಂದು ಬರೆದರು.

“ಪರಿಶೀಲನೆಯಲ್ಲಿದೆ,” ಎಂದೆ.

ಬೇರೆ ಯಾರಿಗಾದರೂ ಆ ಉತ್ತರ ಸಾಕಾಗುತ್ತಿತ್ತು. ಅವರು ಮೂವತ್ತು ವರ್ಷ ಕಚೇರಿಯಲ್ಲಿ ಎಷ್ಟೋ ಜನರಿಗೆ ಅದೇ ಉತ್ತರ ಟೈಪ್ ಮಾಡಿಸಿದವರು. ಪ್ಯಾಡ್ ತಿರುಗಿಸಿ ಬರೆದರು: ‘ಕಡತ ಕಳೆದಿದೆಯಾ?’

ನಾನು ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಹೇಳಿದೆ. ಪೈಪು, ನೀರು, ಬಾಣ, ಎಲ್ಲವನ್ನೂ. ಲಲಿತಾ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದಳು.

‘ಎರಡು ಪ್ರತಿ ಇತ್ತಲ್ಲ?’

“ಎರಡೂ ಹಾಗೆಯೇ.”

‘ತಾಳೆ ನೋಡಿದ್ದು ಯಾರು?’

“ನಾನು.”

‘ಓದಿದ್ದು?’

“ಅದೂ ನಾನೇ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ನಾನು ನಾಲ್ಕು ಗಂಟೆಯವರೆಗೆ ಅಲ್ಲೇ ಕೂತಿದ್ದು, ಭೇಟಿಯ ಸಮಯ ಮುಗಿದ ಮೇಲೆ ಎದ್ದೆ. ಲಲಿತಾ ಲಿಫ್ಟಿನವರೆಗೆ ಬಂದಳು. “ಅಕ್ಕ, ನಂಗೆ ಬೇರೆ ಯಾವುದೂ ಬೇಡ,” ಎಂದಳು. “ನನ್ನ ಮೊಸರಿಗೆ ಕಳಿಸಿ ಏನೋ ಒಂದು ಹೇಳಿದ್ರಂತಲ್ಲ, ಅದೊಂದು ಸಿಕ್ಕಿದ್ರೆ ಸಾಕು.” ಅವಳಿಗೆ ಅದು ಹೇಗೆ ತಿಳಿಯಿತೋ ನಾನು ಕೇಳಲಿಲ್ಲ.

ಜೂನ್ ಇಡೀ ಮಳೆ ಬರಲಿಲ್ಲ. ಸಂಜೆ ಧೂಳಿನ ಗಾಳಿ ಎದ್ದು, ಆಕಾಶ ಹಳದಿಯಾಗಿ, ನಾಲ್ಕು ಹನಿ ಬಿದ್ದು ನಿಲ್ಲುತ್ತಿತ್ತು. ಕರೋಲ್ ಬಾಗ್‌ಗೆ ಎರಡನೆಯ ಸಲ ಹೋದಾಗ ತಂದ ಹಲಗೆ ಹೊಂದಲಿಲ್ಲ ಎಂದರು. ಮೂರನೆಯ ಸಲ ಹೊಂದಿದೆ, ಕಾಯಿರಿ ಎಂದರು. ನಾಲ್ಕನೆಯ ಸಲ ಒಂದು ಪೆನ್ ಡ್ರೈವ್ ಕೈಗಿಟ್ಟರು. ಬಹುಪಾಲು ಬಂದಿವೆ, ಆದರೆ ಹೆಸರುಗಳು ಹೋಗಿವೆ ಎಂದರು. ನಾನು ಆನ್ ಮಾಡಿದಾಗ ಏಟು ಬಿದ್ದದ್ದು ಹೆಸರಿನ ಪಟ್ಟಿಯಿದ್ದ ಜಾಗಕ್ಕೇ. ಯಾವ ಫೈಲಿನಲ್ಲಿ ಏನಿದೆ, ಯಾವುದು ಸರಿ, ಯಾವುದು ರದ್ದು ಎಂಬುದನ್ನು ಒಂದೊಂದಾಗಿ ಕೇಳಿಯೇ ತಿಳಿಯಬೇಕು. ‘ನಂಬರ್ ಇಪ್ಪತ್ತೆರಡು’ ಎಂದು ಓದಿಕೊಳ್ಳಲು ಅವರನ್ನು ಬಿಟ್ಟಿದ್ದರೆ ಈ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಪೆನ್ ಡ್ರೈವನ್ನು ಮೊದಲು ನಸ್ರೀನಳ ಕಂಪ್ಯೂಟರಿನಲ್ಲಿ, ಆಮೇಲೆ ಅವಳ ಗೆಳತಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಎರಡರಲ್ಲೂ ಧ್ವನಿ ಬಂತು. ಆಗ ಡಿ ಬ್ಲಾಕಿಗೆ ಹೋದೆ.

ಶಂಕರಪ್ಪನವರು ಮನೆಗೆ ಬಂದು ಎರಡು ವಾರವಾಗಿತ್ತು. ನಸ್ರೀನ್ ಕೊಟ್ಟ ಕಂಪ್ಯೂಟರನ್ನು ಊಟದ ಮೇಜಿನ ಮೇಲಿಟ್ಟೆ. ಗೆರೆಯ ನೋಟ್‌ಬುಕ್ಕನ್ನು ನಾನು ತೆಗೆದುಕೊಳ್ಳಲು ಹೋದಾಗ ಅವರು ಕೈ ಅಡ್ಡ ಹಿಡಿದರು. ಅದನ್ನು ತಮ್ಮ ಮುಂದೆ ಎಳೆದುಕೊಂಡು, ಪೆನ್ಸಿಲ್ ಚೂಪು ಮಾಡಿ, ಶುರು ಮಾಡಿ ಎಂದು ಸನ್ನೆ ಮಾಡಿದರು. ನಾನು ಫೈಲು ಒತ್ತಿದೆ. ಅವರ ಧ್ವನಿ ಕೋಣೆಯಲ್ಲಿ ಕೇಳಿಸಿತು: ‘ಧನಿಯಾ ನಹೀ ದಿಯಾ.’ ಅವರು ಪೆನ್ಸಿಲನ್ನು ಪಟ್ಟಿಯ ಮೇಲೆ ಓಡಿಸಿ, ಮೂವತ್ತೊಂದರ ಎದುರು ಗುರುತು ಹಾಕಿ, ತಲೆಯೆತ್ತದೆ ಮುಂದಿನದಕ್ಕೆ ಕಾದರು.

ಹೀಗೆ ನಾಲ್ಕು ದಿನ, ಹತ್ತರಿಂದ ಹನ್ನೊಂದು. ಅವರ ಧ್ವನಿ ಓದುವುದು, ಅವರು ನೋಡುವುದು. ನಾನು ಗುಂಡಿ ಒತ್ತುವುದಷ್ಟೇ. ಎರಡನೆಯ ದಿನ ಮಳೆ ಹಿಡಿದುಕೊಂಡಿತು, ಅದರ ಸದ್ದಿಗೆ ಕಿಟಕಿ ಮುಚ್ಚಬೇಕಾಯಿತು. ನಾಲ್ಕನೆಯ ದಿನ ಲೆಕ್ಕ ಮುಗಿಯಿತು. ನೂರ ಎಂಬತ್ತನಾಲ್ಕರಲ್ಲಿ ನೂರ ನಲವತ್ತೊಂಬತ್ತು ಸಿಕ್ಕಿದ್ದವು, ಕಾಫಿಯ ಹದಿನಾಲ್ಕನೆಯದೂ ಸೇರಿ. ಒಂದನೆಯದು ಇರಲಿಲ್ಲ. ಅಂದು ಮೂರು ಸಲ ಹೇಳಿದ್ದರಲ್ಲಿ ಒಂದೂ ಬಂದಿರಲಿಲ್ಲ.

ಉಳಿದದ್ದು, ಶುರುವಿನಲ್ಲೇ ತೊಡಕು ಕೇಳಿಸಿತೆಂದು ಪೂರ್ತಿ ಕೇಳದೆ ಬದಿಗಿಟ್ಟಿದ್ದ ರದ್ದಾದವು. ಕೆಮ್ಮು, ಹಾರ್ನ್, ನಾನು ‘ಇನ್ನೊಂದ್ಸಲ’ ಎಂದದ್ದು. ಪರಿಶೀಲನೆ ಮುಗಿಸಲೇಬೇಕೆಂದು ಅವನ್ನೂ ಒತ್ತುತ್ತ ಹೋದೆ. ಒಂದರಲ್ಲಿ ಅವರು ‘ಟಿವಿ ಸ್ವಲ್ಪ ಸಣ್ಣ…’ ಎಂದು ಶುರು ಮಾಡಿ ನಿಲ್ಲಿಸಿದ್ದರು. ಹಿಂದೆ ಉದ್ದನೆಯ ಸೀಟಿ. ಆಮೇಲೆ ತಾಳ್ಮೆಗೆಟ್ಟ ದೊಡ್ಡ ಧ್ವನಿ: ‘ಲಲಿತಾ, ಆ ಕುಕ್ಕರ್ ಆಫ್ ಮಾಡೇ!’

ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದಾಯಿತು. ಲಲಿತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಮೇಜಿನ ಮೇಲಿನ ಕಂಪ್ಯೂಟರನ್ನೂ ಗಂಡನನ್ನೂ ನೋಡಿದಳು.

“ಇನ್ನೊಂದ್ಸಲ ಹಾಕಿ ಅಕ್ಕ.”

ಹಾಕಿದೆ.

ನಸ್ರೀನ್ ಸಂಜೆ ಬಂದಾಗ ಸೀಟಿಯನ್ನೂ ಕುಕ್ಕರನ್ನೂ ಕತ್ತರಿಸಿ ಹೆಸರಷ್ಟನ್ನೇ ಉಳಿಸಿಕೊಡುತ್ತೇನೆ, ಐದು ನಿಮಿಷದ ಕೆಲಸ ಎಂದಳು. “ಏನೂ ಕತ್ತರಿಸಬೇಡಮ್ಮ,” ಎಂದಳು ಲಲಿತಾ. “ಇವರು ನನ್ನ ಕರೀತಿದ್ದದ್ದೇ ಹಾಗೆ. ಬರೀ ಹೆಸರು ಕೇಳಿದ್ರೆ ಯಾರನ್ನೋ ಕರೀತಿದ್ದಾರೆ ಅಂದ್ಕೋತೀನಿ.” ಆಮೇಲೆ ಗಂಡನ ಕಡೆ ತಿರುಗಿ, “ಆಸ್ಪತ್ರೆಗೆ ಹೋಗೋ ಮುಂಚೆ ನಾನು ಹೇಳಲಿಲ್ವಾ, ಟ್ಯಾಬ್ಲೆಟ್‌ಗೂ ಹಾಕಿಸಿಬಿಡಿ ಅಂತ?” ಎಂದಳು. ಹೇಳಿದ್ದಳು. ನಾನೇ ಕ್ರಮ ತಪ್ಪುತ್ತದೆಂದು ಬೇಡವೆಂದಿದ್ದೆ. ಶಂಕರಪ್ಪನವರು ತಲೆ ಅಲ್ಲಾಡಿಸಿದರು, ಎರಡು ಸಲ.

ನೋಟ್‌ಬುಕ್ಕಿನ ಒಂದನೆಯ ಸಂಖ್ಯೆಯ ಎದುರು ಅವರು ಗುರುತು ಹಾಕಿದರು. ಕೊನೆಯ ಪುಟದಲ್ಲಿ ‘ತಾಳೆ ನೋಡಿದೆ’ ಎಂದು ಬರೆದು ಸಹಿ ಹಾಕಿ, ನನ್ನ ಕಡೆ ತಳ್ಳಿದರು. ನಾನೂ ಹಾಕಿದೆ.

ಈಗ ನಸ್ರೀನ್ ಪುಣೆಯಲ್ಲಿದ್ದಾಳೆ. ಕ್ಲೌಡ್‌ನಲ್ಲಿ ಒಂದು ಪ್ರತಿ ಇಡಲು ನಾನು ಒಪ್ಪಿಕೊಂಡಿದ್ದೇನೆ. ಅವಳು ಅಲ್ಲಿಂದಲೇ ತಿಂಗಳಿಗೊಮ್ಮೆ ತೆರೆದು, ‘ಕೇಳಿದೆ ಆಂಟಿ’ ಎಂದು ಬರೆಯುತ್ತಾಳೆ. ಡಿಸ್ಕಿನ ಪ್ರತಿಯನ್ನು ತಾಳೆ ನೋಡುವುದು ಡಿ ಬ್ಲಾಕಿನಲ್ಲಿ, ಅವರ ಟ್ಯಾಬ್ಲೆಟ್‌ಗೂ ನನ್ನ ಲ್ಯಾಪ್‌ಟಾಪ್‌ಗೂ ಸಂಬಂಧವಿಲ್ಲದ ಮೂರನೆಯ ಯಂತ್ರದಲ್ಲಿ. ರಿಜಿಸ್ಟರಿನಲ್ಲಿ ಎರಡು ಸಹಿಗೆ ಜಾಗ ಮಾಡಿದ್ದೇನೆ.

ಶನಿವಾರ ಕರೋಲ್ ಬಾಗ್‌ನಿಂದ ಬಂದವಳು, ಬರೆಯಲು ಕೂತಿದ್ದನ್ನು ಅರ್ಧಕ್ಕೆ ನಿಲ್ಲಿಸಿ, ಐದಕ್ಕೆ ಹೊಸ ಡಿಸ್ಕ್ ಹಿಡಿದು ಅಲ್ಲಿಗೆ ಹೋದೆ. ಕಾಪಿ ಮಾಡಿ, ಡಿಸ್ಕನ್ನು ಆ ಯಂತ್ರಕ್ಕೆ ಹಾಕಿ, ಒಂದನೆಯದನ್ನು ಒತ್ತಿದೆ.

“ಲಲಿತಾ, ಆ ಕುಕ್ಕರ್ ಆಫ್ ಮಾಡೇ!”

“ಆಫ್ ಮಾಡಿ ಮೂರು ವರ್ಷ ಆಯ್ತು,” ಎಂದಿತು ಒಳಗಿನಿಂದ ಧ್ವನಿ. “ಏನು ಬೇಕು ಹೇಳಿ.”

ಶಂಕರಪ್ಪನವರು ಪೆನ್ಸಿಲ್ ಕೆಳಗಿಟ್ಟು, ತಮ್ಮ ಟ್ಯಾಬ್ಲೆಟ್ ಎಳೆದುಕೊಂಡು ಹದಿನಾಲ್ಕನೆಯದನ್ನು ಒತ್ತಿದರು.